ಬೇವಿನ ಬೀಜದ ಕಷಾಯವನ್ನು ಕುದಿಸುವುದು ಬೇಡ

ಕಷಾಯವೆಂದೊಡನೆ ಒಲೆಯ ನೆನಪಾಗುವುದು ಸಹಜ. ಆದರೆ ಬೇವಿನ ಬೀಜದ ಕಷಾಯವನ್ನು ಕುದಿಸಿದರೆ ಸೌದೆಯೂ ದಂಡ, ಔಷಧಿಯ ಗುಣವೂ ಹಾಳು.

ಕೀಟಗಳಿಗೆ ಎಲೆ ರುಚಿಸದಂತೆ, ಮರಿಹುಳುಗಳು ಸರಿಯಾಗಿ ಪೊರೆ ಕಳಚದಂತೆ ಮಾಡುವ ಮುಖ್ಯ ವಸ್ತು ಅಜಾಡಿರಾಕ್ಟಿನ್. ಇದನ್ನು 1968ರಲ್ಲಿ ಇಂಗ್ಲೆಂಡಿನಲ್ಲಿ ಬೇರ್ಪಡಿಸಲಾಯಿತು. ಬೀಜದ ತಿರುಳಿನಲ್ಲಿ ಎಣ್ಣೆ ಶೇಕಡಾ 40ರಷ್ಟಿದ್ದರೆ, ಈ ವಸ್ತು ಶೇಕಡಾ ಒಂದಕ್ಕಿಂತಲೂ ಕಡಿಮೆ. ಇಷ್ಟು ಎಣ್ಣೆಯ ನಡುವಿನಿಂದ ನೀರು ಅದನ್ನು ಹೇಗೆ ಸೆಳೆಯುತ್ತದೆ?

ಅಣು ಅಣುಗಳ ನಡುವೆ ನವಿರಾದ ಸೆಳೆತಗಳಿವೆ. ಅಜಾಡಿರಾಕ್ಟಿನ್‌ನ ಒಂದೊಂದು ಅಣುವಿನಲ್ಲೂ 16 ಆಮ್ಲಜನಕ ಪರಮಾಣುಗಳಿವೆ. ನೀರಿನ ಜಲಜನಕ ಇವುಗಳತ್ತ ವಾಲುತ್ತದೆ; ಇದೇ ಜಲಜನಕ ಬಂಧ. ಎಣ್ಣೆಯ ಉದ್ದನೆಯ ಅಣುಗಳಿಗೆ ನೀರಿನ ಮೇಲೆ ಅಂಥ ಒಲವಿಲ್ಲ, ತಮ್ಮತಮ್ಮಲ್ಲೇ ಗುಂಪುಗೂಡುತ್ತವೆ. ಕಾರ್ಖಾನೆಗಳಲ್ಲಿ ಹೆಕ್ಸೇನ್‌ನಿಂದ ಎಣ್ಣೆ ತೆಗೆದು, ಉಳಿದ ಹಿಂಡಿಯಿಂದ ಮೆಥನಾಲ್ ಬಳಸಿ ಅಜಾಡಿರಾಕ್ಟಿನ್ ಪಡೆಯುವುದೂ ಇದೇ ತತ್ವದಿಂದ. (ಒಂದು ಥಟ್ಟನೆ ಹೊತ್ತಿಕೊಳ್ಳುವಂಥದು, ಇನ್ನೊಂದು ವಿಷ. ಮನೆಯಲ್ಲಿ ಇವುಗಳ ಗೊಡವೆ ಬೇಡ.)

ಆದರೂ ನೀರಿನ ಸೆಳೆತಕ್ಕೆ ಮಿತಿಯಿದೆ. ಒಂದು ಲೀಟರ್ ನೀರು ಸುಮಾರು ಕಾಲು ಗ್ರಾಂ ಅಜಾಡಿರಾಕ್ಟಿನ್ ಮಾತ್ರ ಕರಗಿಸಬಲ್ಲದು. ಹೆಚ್ಚಿನವರು ಎಡವುವುದು ಇಲ್ಲೇ. 5 ಕಿಲೋ ತಿರುಳಿನ ಪುಡಿಯನ್ನು 10 ಲೀಟರ್ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ಒಮ್ಮೆ ಹಿಂಡಿ, ಚರಟವನ್ನು ತಿಪ್ಪೆಗೆ ಹಾಕಿಬಿಡುತ್ತಾರೆ. ಸಾರದ ದೊಡ್ಡ ಪಾಲು ಚರಟದಲ್ಲೇ ಉಳಿದಿರುತ್ತದೆ! ಅದನ್ನು ಮತ್ತೆ ಮತ್ತೆ ಹೊಸ ನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಹಿಂಡಬೇಕು. ಹೀಗೆ ತೊಳೆದ ನೀರೆಲ್ಲ ಸೇರಿ 100 ಲೀಟರ್ ಆಗಲಿ. ಪುಡಿ ನುಣುಪಾಗಿದ್ದಷ್ಟೂ ನೀರಿಗೆ ಹೆಚ್ಚು ಮೈ ಸಿಗುತ್ತದೆ.

ಕಷಾಯದ ಜೊತೆ ಒಂದಷ್ಟು ಎಣ್ಣೆಯೂ ಬರುತ್ತದೆ. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುವುದರಿಂದ, 100 ಲೀಟರಿಗೆ ಸುಮಾರು 200 ಗ್ರಾಂ ಸೋಪಿನ ಪುಡಿ ಬೆರೆಸಿದರೆ ದ್ರಾವಣ ಎಲೆಯ ಮೇಣದ ಮೇಲೂ ಹರಡಿ ನಿಲ್ಲುತ್ತದೆ. ಆದರೆ ಕ್ಷಾರ ಅಜಾಡಿರಾಕ್ಟಿನ್‌ನನ್ನು ಒಡೆಯುತ್ತದೆ. ಆದ್ದರಿಂದ ಸೋಪನ್ನು ಸಿಂಪಡಿಸುವ ಹೊತ್ತಿಗೆ ಮಾತ್ರ ಸೇರಿಸಬೇಕು.

ಬೂಷ್ಟು ಹಿಡಿದ ಬೀಜದಿಂದ ಏನೂ ನಿರೀಕ್ಷಿಸಬಾರದು. ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿಟ್ಟ ಬೀಜವೇ ಲೇಸು. ಬಿಸಿಲೂ ಈ ವಸ್ತುವಿಗೆ ಶತ್ರುವಾದ್ದರಿಂದ ತಯಾರಿಸಿದ ಕಷಾಯವನ್ನು ಅದೇ ದಿನ, ಸಂಜೆಯ ತಂಪಿನಲ್ಲಿ ಸಿಂಪಡಿಸಬೇಕು.