ಮೂತ್ರಪಿಂಡದ ರೋಗಿಗಳೂ ಔಷಧಿಯ ಎಚ್ಚರವೂ

ನಾವು ಸೇವಿಸುವ ಅನೇಕ ಔಷಧಿಗಳು ಮೂತ್ರಪಿಂಡಗಳ ಮೂಲಕವೇ ದೇಹದಿಂದ ಹೊರಹೋಗುತ್ತವೆ. ಮೂತ್ರಪಿಂಡ ದುರ್ಬಲವಾದಾಗ ಅವು ರಕ್ತದಲ್ಲಿಯೇ ಉಳಿದು ಸಂಚಯವಾಗುತ್ತವೆ. ಇತರರಿಗೆ ಹಿತವಾದ ಪ್ರಮಾಣವೇ ಇಂತಹ ರೋಗಿಗೆ ವಿಷವಾಗಬಹುದು. ಜೆಂಟಾಮೈಸಿನ್ ಚುಚ್ಚುಮದ್ದು ಮಿತಿಮೀರಿದರೆ ಕಿವಿ ಮಂದವಾಗಬಹುದು, ಮೂತ್ರಪಿಂಡವೂ ಮತ್ತಷ್ಟು ಕೆಡಬಹುದು. ಆದುದರಿಂದಲೇ ಆಸ್ಪತ್ರೆಯಲ್ಲಿ ರಕ್ತದ ಕ್ರಿಯಾಟಿನಿನ್ ಅಂಶವನ್ನು ಪರೀಕ್ಷಿಸಿ, ಔಷಧಿಯ ಪ್ರಮಾಣವನ್ನು ತಗ್ಗಿಸುತ್ತಾರೆ ಅಥವಾ ಕೊಡುವ ಅಂತರವನ್ನು ಹೆಚ್ಚಿಸುತ್ತಾರೆ.

ರೋಗಿಯ ಆರೈಕೆ ಮಾಡುವ ನೀವೂ ಇದರಲ್ಲಿ ನೆರವಾಗಬಲ್ಲಿರಿ.

1. ಮನೆಯಲ್ಲಿ ಸೇವಿಸುತ್ತಿದ್ದ ಮಾತ್ರೆ, ನಾಟಿ ಔಷಧಿಗಳೆಲ್ಲವನ್ನೂ ವೈದ್ಯರಿಗೆ ತೋರಿಸಿರಿ.
2. ಮೈಕೈ ನೋವಿಗೆಂದು ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ಹೊರಗಿನಿಂದ ತಂದು ಕೊಡಬೇಡಿರಿ.
3. ದಿನದ ಮೂತ್ರವನ್ನು ಅಳೆದು ಬರೆದಿಡಿರಿ.
4. ಮೈಮೇಲೆ ದದ್ದು, ಮಂಪರು, ಕಿವಿಯಲ್ಲಿ ಮೊರೆತ ಕಂಡರೆ, ಮೂತ್ರ ಕಡಿಮೆಯಾದರೆ ಕೂಡಲೇ ದಾದಿಯರಿಗೆ ತಿಳಿಸಿರಿ.

ಸಂಕೋಚದಿಂದ ಮುಚ್ಚಿಟ್ಟ ಒಂದು ಮಾತ್ರೆ ಪ್ರಾಣಕ್ಕೇ ಎರವಾದೀತು.