ಕುಟುಂಬಕ್ಕೊಂದು ಪುಟ್ಟ ವಿಮಾನ: ಆಯ್ಕೆಯ ಲೆಕ್ಕಾಚಾರ

2025ರ ಜೂನ್ ತಿಂಗಳಿನಲ್ಲಿ ನಮ್ಮ ಸೊಲ್ಲಾಪುರದ ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ ಗೋವೆಗೆ ವಿಮಾನ ಸಂಚಾರವು ಆರಂಭವಾಯಿತು. ಅಂದಿನಿಂದ ವಿಜಾಪುರ ರಸ್ತೆಯ ಮಕ್ಕಳಿಗೆ ಆಕಾಶದ ಕಡೆಗೆ ಲಕ್ಷ್ಯ ಹೆಚ್ಚಾಗಿದೆ. ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು: "ಗುರುಗಳೇ, ಮನೆಗೊಂದು ಮೋಟಾರು ಇರುವಂತೆ ಮನೆಗೊಂದು ವಿಮಾನ ಇರಬಾರದೇ? ಯಾವುದನ್ನು ಕೊಳ್ಳಬೇಕು?" ತರಗತಿಯು ನಕ್ಕಿತು. ನಾವು ನಗಲಿಲ್ಲ. ಪ್ರಶ್ನೆಯು ಒಳ್ಳೆಯದು, ಅದಕ್ಕೆ ಉತ್ತರವೂ ಉಂಟು. ಆ ಉತ್ತರದ ಬಹುಭಾಗವು ನೀವು ಶಾಲೆಯಲ್ಲಿ ಕಲಿಯುವ ಗಣಿತವೇ ಆಗಿದೆ.

೧. ನಮ್ಮ ನಾಡಿನ ಎರಡಾಸನದ ವಿಮಾನಗಳು

ಚಿಕ್ಕ ವಿಮಾನವೆಂಬುದು ನಮಗೆ ಪರಕೀಯವಾದ ವಸ್ತುವಲ್ಲ. ಬೆಂಗಳೂರಿನ ಹಿಂದುಸ್ತಾನ್ ಕಾರಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರಲ್ಲಿ ಮೊದಲು ಹಾರಿತು. ಅದರಲ್ಲಿ ಆಸನಗಳು ಎರಡೇ, ಒಂದರ ಹಿಂದೆ ಒಂದು. 1958ರಲ್ಲಿ ಅಲ್ಲಿಯೇ 'ಪುಷ್ಪಕ'ವು ಹಾರಿತು. ರೆಕ್ಕೆ ಮೇಲೆ, ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಯಂತ್ರ, ಮಗ್ಗುಲು ಮಗ್ಗುಲಾಗಿ ಎರಡು ಆಸನಗಳು. ದೇಶದ ಹಾರಾಟ ಸಂಘಗಳಲ್ಲಿ ಅನೇಕರು ಈ ಪುಷ್ಪಕದಲ್ಲಿಯೇ ಹಾರಲು ಕಲಿತರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ 'ಹಂಸ'ವು 1993ರಲ್ಲಿಯೂ, ಅದರ ಹೊಸ ರೂಪವು 2021ರ ಸೆಪ್ಟೆಂಬರಿನಲ್ಲಿಯೂ ಮೊದಲ ಹಾರಾಟ ಮಾಡಿದವು. ಹೊರದೇಶದ ಸೆಸ್ನಾ 152 ಎಂಬುದು 1977ರಿಂದ 1985ರ ವರೆಗೆ ತಯಾರಾಯಿತು. ನಮ್ಮ ದೇಶದ ತರಬೇತಿ ಸಂಸ್ಥೆಗಳಲ್ಲಿ ಅದು ಬಹಳ ಪರಿಚಿತವಾದುದು.

ಕುಟುಂಬದ ಹಾರಾಟಕ್ಕೆ ಮಗ್ಗುಲು ಮಗ್ಗುಲಾದ ಆಸನಗಳೇ ಲೇಸು. ತಂದೆಯು ಕೈ ತೋರಿಸಿದ ಕೆರೆಯನ್ನು ಮಗಳು ಒಡನೆಯೇ ನೋಡಬಲ್ಲಳು. ಮಗಳ ಮುಖವು ಬಾಡಿದರೆ ತಂದೆಗೆ ಕೂಡಲೇ ತಿಳಿಯುತ್ತದೆ. ರೆಕ್ಕೆ ಮೇಲಿದ್ದರೆ ನೆಲವು ಚೆನ್ನಾಗಿ ಕಾಣುತ್ತದೆ, ಬಿಸಿಲಿಗೆ ನೆರಳೂ ಆಗುತ್ತದೆ. ರೆಕ್ಕೆ ಕೆಳಗಿದ್ದು ಮೇಲೆ ಗಾಜಿನ ಮುಚ್ಚಳವಿದ್ದರೆ ಆಕಾಶವೆಲ್ಲ ಕಾಣುತ್ತದೆ; ಆದರೆ ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಒಳಗೆ ಕುಳಿತವರು ಬೇಯುತ್ತಾರೆ. ಇದು ರುಚಿಯ ಮಾತು. ಮುಂದಿನದು ರುಚಿಯ ಮಾತಲ್ಲ.

೨. ಎರಡು ಆಸನವೆಂದರೆ ಇಬ್ಬರೇ?

ಪ್ರತಿಯೊಂದು ವಿಮಾನಕ್ಕೂ ಇಷ್ಟೇ ತೂಕದಲ್ಲಿ ಏರತಕ್ಕದ್ದು ಎಂಬ ಗರಿಷ್ಠ ಮಿತಿಯಿದೆ. ಅದರಲ್ಲಿ ಬರಿಯ ವಿಮಾನದ ತೂಕವನ್ನು ಕಳೆದರೆ ಉಳಿಯುವುದೇ ಉಪಯುಕ್ತ ಭಾರ. ಜನರು, ಇಂಧನ, ಚೀಲ ಎಲ್ಲವೂ ಇದರಲ್ಲಿಯೇ ಅಡಗಬೇಕು.

ಸೆಸ್ನಾ 152ರ ಗರಿಷ್ಠ ತೂಕ 757 ಕಿಲೋಗ್ರಾಂ. ನಾವು ನೋಡುವ ವಿಮಾನದ ಬರಿಯ ತೂಕ 515 ಎಂದು ಹಿಡಿಯೋಣ. ಉಳಿದದ್ದು 242. ಟಾಕಿಯಲ್ಲಿ ಸುಮಾರು 98 ಲೀಟರು ಹಿಡಿಯುತ್ತದೆ. ಒಂದು ಲೀಟರು ವಿಮಾನದ ಪೆಟ್ರೋಲು 0.72 ಕಿಲೋಗ್ರಾಂ ತೂಗುತ್ತದೆ. ಅಂದಮೇಲೆ ತುಂಬಿದ ಟಾಕಿಯ ಭಾರ 71. ಜನರಿಗೆ ಉಳಿದದ್ದು 171. ತಂದೆ 80, ತಾಯಿ 65 ಆದರೆ ಒಟ್ಟು 145, ಚೀಲಕ್ಕೂ ಎಡೆಯಿದೆ. ತಂದೆಯ ಜೊತೆಗೆ 95 ಕಿಲೋಗ್ರಾಂ ತೂಗುವ ಸೋದರಮಾವ ಕುಳಿತರೆ 175. ಆಸನ ಎರಡು, ಜನ ಇಬ್ಬರು; ಆದರೂ ಭಾರವು ನಾಲ್ಕು ಕಿಲೋಗ್ರಾಂ ಹೆಚ್ಚು!

ಇದಕ್ಕೆ ಪರಿಹಾರವೇನು? ಟಾಕಿಯನ್ನು ತುಂಬಿಸದೆ ಬೇಕಾದಷ್ಟೇ ಇಂಧನವನ್ನು ಲೆಕ್ಕ ಹಾಕಿ ಹಾಕಿಸುವುದು. ಸೊಲ್ಲಾಪುರದಿಂದ ವಿಜಾಪುರಕ್ಕೆ ನೇರ ದೂರ ಸುಮಾರು 95 ಕಿಲೋಮೀಟರು. ಗೋಲಗುಮ್ಮಟವನ್ನು ಆಕಾಶದಿಂದ ಕಂಡು ಮರಳಿ ಬರಲು, ಗಂಟೆಗೆ 180 ಕಿಲೋಮೀಟರು ವೇಗದಲ್ಲಿ, ಏರಿಳಿತದ ಸಮಯವೂ ಸೇರಿ ಒಂದು ಗಂಟೆ ಹತ್ತು ನಿಮಿಷ ಸಾಕು. ಗಂಟೆಗೆ 23 ಲೀಟರಿನಂತೆ 27 ಲೀಟರು. ಮುಕ್ಕಾಲು ಗಂಟೆಯ ಆಪದ್ಧನ 17 ಲೀಟರು. ನೆಲದ ಮೇಲಿನ ಓಡಾಟಕ್ಕೆ 6 ಲೀಟರು. ಒಟ್ಟು 50 ಲೀಟರು, ಅಂದರೆ 36 ಕಿಲೋಗ್ರಾಂ. ಈಗ ಜನರಿಗೆ 206 ಉಳಿಯಿತು, ಸೋದರಮಾವನೂ ಬರಬಹುದು. ಆಪದ್ಧನವನ್ನು ಮಾತ್ರ ಎಂದೂ ಮುಟ್ಟತಕ್ಕದ್ದಲ್ಲ.

ಭಾರ ಎಷ್ಟು ಎಂಬುದರಷ್ಟೇ ಭಾರ ಎಲ್ಲಿ ಎಂಬುದೂ ಮುಖ್ಯ. ಏರಿಳಿತದ ಹಲಗೆಯ ತುದಿಯಲ್ಲಿ ಕುಳಿತ ಚಿಕ್ಕ ಹುಡುಗನು ನಡುವಿಗೆ ಹತ್ತಿರ ಕುಳಿತ ದೊಡ್ಡವನನ್ನು ಎತ್ತುವುದನ್ನು ನೀವು ಕಂಡಿದ್ದೀರಿ. ಆಸನದ ಹಿಂದೆ ತುರುಕಿದ ಭಾರವಾದ ಚೀಲವು ವಿಮಾನದ ಬಾಲವನ್ನು ಹಾಗೆಯೇ ಎಳೆಯುತ್ತದೆ. ಆದುದರಿಂದ ತೂಕವನ್ನು ದೂರದಿಂದ ಗುಣಿಸಿ ನೋಡದೆ ಯಾವ ಚಾಲಕನೂ ಹಾರಬಾರದು.

೩. ಸೊಲ್ಲಾಪುರದ ಬಿಸಿಲು

ವಿಮಾನವನ್ನು ಎತ್ತುವುದು ಗಾಳಿ. ಗಾಳಿ ಕಾದಷ್ಟೂ ತೆಳುವಾಗುತ್ತದೆ; ತೆಳುವಾದ ಗಾಳಿಯಲ್ಲಿ ರೆಕ್ಕೆ, ತಿರುಗುವ ಅಲಗು, ಯಂತ್ರ ಮೂರೂ ಸೋಲುತ್ತವೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 480 ಮೀಟರು ಎತ್ತರದಲ್ಲಿದೆ. 42 ಅಂಶದ ಮಧ್ಯಾಹ್ನ ಇಲ್ಲಿಯ ಗಾಳಿಯು, 15 ಅಂಶದ ದಿನ ಸಮುದ್ರತೀರದಲ್ಲಿರುವ ಗಾಳಿಗಿಂತ ಶೇಕಡಾ 14ರಷ್ಟು ತೆಳು. ವಿಮಾನದ ಪಾಲಿಗೆ ಅದು ಸುಮಾರು 1500 ಮೀಟರು ಎತ್ತರದಲ್ಲಿ ನಿಂತಂತೆಯೇ, ಅಂದರೆ ಹೆಚ್ಚು ಕಡಿಮೆ ನಂದಿಬೆಟ್ಟದ ನೆತ್ತಿಯ ಮೇಲಿನಿಂದ ಹಾರಿದಂತೆ. ನೆಲದ ಮೇಲೆ ಓಟವು ಉದ್ದವಾಗುತ್ತದೆ, ಏರುವುದು ನಿಧಾನವಾಗುತ್ತದೆ. ವಿಮಾನಗಳ ದಾರಿಗೆ ಅಡ್ಡಿಯಾಗಿದ್ದ ಸಕ್ಕರೆ ಕಾರಖಾನೆಯ ಎತ್ತರದ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದುದನ್ನು ಊರಿನವರೆಲ್ಲ ಬಲ್ಲರು. ಏರುವ ದಾರಿಯು ತೆರವಾಗಿರುವುದು ಎಷ್ಟು ಅವಶ್ಯವೆಂಬುದಕ್ಕೆ ಬೇರೆ ಉದಾಹರಣೆ ಬೇಡ. ಚಿಕ್ಕ ವಿಮಾನದ ಹಾರಾಟವನ್ನು ಬೆಳಗಿನ ತಂಪಿನಲ್ಲಿ ಮುಗಿಸುವುದು ಜಾಣತನ. ಆಯ್ಕೆಯಲ್ಲಿಯೂ ತಂಪು ದೇಶದ ಪುಸ್ತಕದ ಅಂಕಿಗಳನ್ನು ನಂಬದೆ, ನಮ್ಮ ಬಿಸಿಲಿನ ಅಂಕಿಗಳನ್ನು ಹುಡುಕಿ ನೋಡಬೇಕು.

೪. ಅಗ್ಗವೆಂದರೇನು?

ಕೊಳ್ಳುವ ಬೆಲೆ ಒಮ್ಮೆ ಕೊಡುವಂತಹುದು. ಸಾಕುವ ಬೆಲೆ ವರ್ಷವೂ ಬರುವಂತಹುದು. ವಿಮೆ, ನಿಲ್ಲಿಸುವ ಮನೆಯ ಬಾಡಿಗೆ, ವಾರ್ಷಿಕ ತಪಾಸಣೆ ಇವು ಹಾರದಿದ್ದರೂ ತಪ್ಪವು. ಲೆಕ್ಕಕ್ಕಾಗಿ ಮಾತ್ರ, ಇವು ವರ್ಷಕ್ಕೆ 4 ಲಕ್ಷ ರೂಪಾಯಿ, ಹಾರಿದ ಗಂಟೆಗೆ ಇಂಧನಾದಿ ವೆಚ್ಚ 6 ಸಾವಿರ ಎಂದು ಊಹಿಸೋಣ. ವರ್ಷಕ್ಕೆ 20 ಗಂಟೆ ಹಾರಿದವನಿಗೆ ಗಂಟೆಗೆ 26 ಸಾವಿರ ಬೀಳುತ್ತದೆ. 100 ಗಂಟೆ ಹಾರಿದರೆ 10 ಸಾವಿರ. ಒಂದೇ ಮನೆಯವರು 100 ಗಂಟೆ ಹಾರುವುದು ಕಷ್ಟ. ಐದು ಮನೆಯವರು ಕೂಡಿದರೆ ಸುಲಭ. ಮಧ್ಯಮ ವರ್ಗದವರು ಸಂಘ ಕಟ್ಟಿಕೊಂಡೇ ಹಾರಬೇಕೆಂಬುದು ಇದರಿಂದ ಸ್ಪಷ್ಟ.

ಹಳೆಯ ವಿಮಾನವನ್ನು ಕೊಳ್ಳುವಾಗ ಬಣ್ಣವನ್ನು ನೋಡಬಾರದು, ದಿನಚರಿಯನ್ನು ನೋಡಬೇಕು. ಯಂತ್ರವು ಎಷ್ಟು ಗಂಟೆ ಓಡಿದೆ, ಪೂರ್ಣ ಬಿಚ್ಚಿ ಕಟ್ಟುವ ಗಡುವಿಗೆ ಎಷ್ಟು ಗಂಟೆ ಉಳಿದಿದೆ, ತುಕ್ಕು ಎಲ್ಲಿ ಹಿಡಿದಿದೆ ಎಂಬುದನ್ನು ಮಾರುವವನಿಗೆ ಸಂಬಂಧವಿಲ್ಲದ ಇಂಜಿನಿಯರರಿಂದ ಪರೀಕ್ಷಿಸಬೇಕು. ಹಂಸದಲ್ಲಿರುವ ರೋಟಾಕ್ಸ್ ಜಾತಿಯ ಯಂತ್ರಗಳು ಮೋಟಾರಿನ ಪೆಟ್ರೋಲಿನಿಂದಲೂ ನಡೆಯಬಲ್ಲವು. ಇದು ದೊಡ್ಡ ಉಳಿತಾಯ. ಆದರೆ ನಮ್ಮ ಪಂಪುಗಳ ಪೆಟ್ರೋಲಿನಲ್ಲಿ ಈಗ ಶೇಕಡಾ 20ರ ವರೆಗೆ ಎಥೆನಾಲ್ ಬೆರೆಸುತ್ತಾರೆ. ನಮ್ಮ ಜಿಲ್ಲೆಯ ಕಬ್ಬಿಗೆ ಅದು ಒಳ್ಳೆಯದಾದರೂ, ಆ ಯಂತ್ರಗಳಿಗೆ ಕಾರಖಾನೆಯವರು ಒಪ್ಪಿದ ಮಿತಿ ಶೇಕಡಾ 10 ಮಾತ್ರ. ಆದುದರಿಂದ ಯಾವ ಇಂಧನ ಎಲ್ಲಿ ದೊರೆಯುತ್ತದೆಂದು ಮೊದಲೇ ತಿಳಿಯದೆ ವಿಮಾನವನ್ನು ಕೊಳ್ಳಬಾರದು.

ವಿಮಾನಕ್ಕಿಂತ ಮೊದಲು ಪರವಾನಗಿ ಬೇಕು. ಖಾಸಗಿ ಚಾಲಕನ ಪರವಾನಗಿಗೆ 17 ವರ್ಷ ವಯಸ್ಸು, ಹತ್ತನೆಯ ತರಗತಿಯ ತೇರ್ಗಡೆ, ವೈದ್ಯರ ಪ್ರಮಾಣಪತ್ರ, 40 ಗಂಟೆಗಳ ಹಾರಾಟದ ಅಭ್ಯಾಸ ಅವಶ್ಯ. ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳಿಗೆ ಇದರಲ್ಲಿ ಎಟುಕದ್ದು ಏನೂ ಇಲ್ಲ.

೫. ಪಾಲಕರಿಗೆ ಒಂದು ಮಾತು

ನಾಲ್ವರ ಕುಟುಂಬಕ್ಕೆ ಎರಡಾಸನದ ವಿಮಾನವು ಸಾಲದು ಎಂದು ಕೆಲವರು ಹೇಳಬಹುದು. ಸರದಿಯಿಂದ ಹಾರಿದರೆ ಸಾಲುತ್ತದೆ. ಒಬ್ಬರು ಹಾರುವಾಗ ಉಳಿದವರು ನೆಲದಲ್ಲಿ ಕಾಯಬೇಕು. ಇಲ್ಲಿಯೇ ನಿಜವಾದ ಪರೀಕ್ಷೆ. ಹೊರಡುವ ಹೊತ್ತಿಗೆ ಕಿರಿಯ ಮಗುವು ಅಳುತ್ತದೆ, "ತೊಡೆಯ ಮೇಲೆ ಕೂರಿಸಿಕೊಳ್ಳಿ, ಇಷ್ಟು ಮಗುವಿಗೆ ತೂಕವೆಷ್ಟು?" ಎಂದು ಅಜ್ಜಿಯು ಅನ್ನುತ್ತಾರೆ. ಅಜ್ಜಿಯ ಮಾತಿನಲ್ಲಿ ಪ್ರೀತಿಯಿದೆ. ಆದರೆ ತೂಕದ ಕಾಗದದಲ್ಲಿ ಪ್ರೀತಿಗೆ ಕಳೆಯುವ ಚಿಹ್ನೆ ಇಲ್ಲ. ಮಗುವಿನ ತೂಕವು ಮೊತ್ತಕ್ಕೆ ಸೇರಿಯೇ ಸೇರುತ್ತದೆ. ಪೆಟ್ಟು ತಗಲಿದಾಗ ತೊಡೆಯು ಮಗುವನ್ನು ಹಿಡಿದು ನಿಲ್ಲಿಸಲಾರದು. ಆಗ "ಇಲ್ಲ" ಎನ್ನಬಲ್ಲ ತಂದೆಗೆ ಮಾತ್ರ ವಿಮಾನದ ಬೀಗದ ಕೈ ಕೊಡಬಹುದು. ನಾವು ರಿಕ್ಷಾದಲ್ಲಿ ಹತ್ತು ಮಕ್ಕಳನ್ನು ತುಂಬಿ ಶಾಲೆಗೆ ಕಳಿಸುವವರು. ಈ ಪಾಠವು ವಿಮಾನಕ್ಕೆ ಮಾತ್ರ ಸಲ್ಲುವುದೆಂದು ತಿಳಿಯಬಾರದಾಗಿ ವಿನಂತಿ.

ಅಭ್ಯಾಸ

1. ವಿಮಾನದ ಗರಿಷ್ಠ ತೂಕ 750, ಬರಿಯ ತೂಕ 550 ಕಿಲೋಗ್ರಾಂ. ನಿಮ್ಮ ತಂದೆ ತಾಯಿಯರು ಇಬ್ಬರೂ ಕುಳಿತರೆ ಎಷ್ಟು ಲೀಟರು ಇಂಧನ ಹಾಕಬಹುದು?

2. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಬರೆದ ನಿಮ್ಮ ಕಳೆದ ವರ್ಷದ ಮತ್ತು ಈ ವರ್ಷದ ತೂಕವನ್ನು ಹೋಲಿಸಿರಿ. ಹೆಚ್ಚಿದ ಭಾರಕ್ಕೆ ಸರಿಯಾಗಿ ಎಷ್ಟು ಲೀಟರು ಇಂಧನವನ್ನು ಕಡಿಮೆ ಮಾಡಬೇಕಾದೀತು?

3. ನೀವು ದಿನವೂ ಶಾಲೆಗೆ ಬರುವ ವಾಹನದಲ್ಲಿ ಆಸನಗಳೆಷ್ಟು? ಕುಳಿತವರೆಷ್ಟು? ಉತ್ತರವನ್ನು ಮನೆಯಲ್ಲಿ ಓದಿ ಹೇಳಿರಿ.