ಏನು ಹೊಡೀಬೇಕು ಎನ್ನುವ ಮುನ್ನ

ಎಲೆಯಲ್ಲಿ ತೂತು ಬಿದ್ದರೂ, ಅಂಚು ಒಣಗಿದರೂ, ಬಣ್ಣ ತಿರುಗಿದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: "ಅಕ್ಕಾ, ಇದಕ್ಕೆ ಏನು ಹೊಡೀಬೇಕು?" ಬೆಂಗಳೂರಿನ ಬಾಲ್ಕನಿಯಲ್ಲಿ ಕರಿಬೇವು, ನಿಂಬೆ, ಮೆಣಸಿನಗಿಡ, ದಾಸವಾಳ, ಗುಲಾಬಿ ಬೆಳೆಸುತ್ತಾ ಬಂದ ನನಗೆ ಮನದಟ್ಟಾಗಿರುವುದು ಇಷ್ಟು: ಆ ಪ್ರಶ್ನೆ ಕೊನೆಯದು. ಮೊದಲ ಪ್ರಶ್ನೆ, ಗಿಡಕ್ಕೆ ಏನಾಗಿದೆ ಎನ್ನುವುದು. ನಮ್ಮ ಅಡುಗೆಮನೆಯ ಕಿಟಕಿ ಬಾಲ್ಕನಿಗೇ ತೆರೆದುಕೊಳ್ಳುತ್ತದೆ. ಅಲ್ಲಿ ಕಿತ್ತ ಕರಿಬೇವು ಅರೆಗಳಿಗೆಯಲ್ಲಿ ಒಗ್ಗರಣೆಗೆ ಬೀಳುತ್ತದೆ. ಅಂಥ ಜಾಗದಲ್ಲಿ ಕೀಟನಾಶಕದ ಮಾತೇ ಬೇಡವೆಂದ ಮೇಲೆ ಎಲೆ ನೋಡಿಯೇ ಕಾರಣ ಹಿಡಿಯಬೇಕಾಯಿತು.

ಕೆಟ್ಟಿರುವುದು ಹಳೆಯ ಎಲೆಯೋ ಹೊಸ ಎಲೆಯೋ ಎಂದು ಮೊದಲು ನೋಡುತ್ತೇನೆ. ಸಾರಜನಕ ಸಾಲದೆ ಹೋದಾಗ ಗಿಡ ಹಳೆಯ ಎಲೆಗಳಲ್ಲಿರುವುದನ್ನೇ ಹೀರಿ ಚಿಗುರಿಗೆ ಸಾಗಿಸುತ್ತದೆ. ಹೀಗಾಗಿ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ. ಒಂದೆರಡು ಹಿಡಿ ಎರೆಗೊಬ್ಬರ ಹಾಕಿದರೆ ಹೊಸ ಎಲೆಗಳು ಹಸಿರಾಗಿ ಬರುತ್ತವೆ. ಕಬ್ಬಿಣದಂಶವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಅದರ ಕೊರತೆಯಾದರೆ ನರಗಳು ಹಸಿರಾಗಿಯೇ ಉಳಿದು ಚಿಗುರೆಲೆ ಹಳದಿಯಾಗುತ್ತದೆ. ಗಡಸು ಬೋರ್‌ವೆಲ್ ನೀರನ್ನೇ ಸದಾ ಹಾಕುವ ಕುಂಡಗಳಲ್ಲಿ ಇದು ಹೆಚ್ಚು, ಏಕೆಂದರೆ ಮಣ್ಣು ಕ್ಷಾರವಾದಾಗ ಅದರಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿ ಎಲೆಯ ತುದಿ ಕಂದಾಗಿದ್ದರೂ ಕಾರಣ ಹೆಚ್ಚಾಗಿ ನೀರೇ. ಮಳೆನೀರು ಹಿಡಿದಿಟ್ಟು, ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದುಹೋಗುವಂತೆ ಹಾಕಿದರೆ ಉಪ್ಪು ತೊಳೆದುಹೋಗುತ್ತದೆ.

ಗಿಡ ಬಾಡಿದ್ದರೆ ನೀರಿನ ಚೊಂಬು ಎತ್ತುವ ಮೊದಲು ಮಣ್ಣಿಗೆ ಬೆರಳಿಳಿಸಿ. ಒಳಗೆ ಒದ್ದೆಯಿದ್ದೂ ಎಲೆ ಜೋತಿದ್ದರೆ ಬೇರಿಗೆ ಗಾಳಿಯಾಡುತ್ತಿಲ್ಲ, ಕೊಳೆಯತೊಡಗಿದೆ ಎಂದರ್ಥ. ಅದಕ್ಕೆ ಇನ್ನಷ್ಟು ನೀರು ಹಾಕುವುದು ಗಿಡವನ್ನು ಕೊಂದಂತೆಯೇ. ಬಿಸಿಲಿಗೆ ಮುಖ ಮಾಡಿದ ಎಲೆಗಳು ಮಾತ್ರ ಸುಟ್ಟಂತಾಗಿದ್ದರೆ ಅದು ರೋಗವಲ್ಲ. ಏಪ್ರಿಲ್‌ನಲ್ಲಿ ಪಡುವಣ ಬಾಲ್ಕನಿಯ ಕುಂಡಗಳನ್ನು ಒಂದಡಿ ಒಳಕ್ಕೆ ಸರಿಸಿದರೆ ಸಾಕಾಗುತ್ತದೆ.

ಆಮೇಲೆ ಎಲೆಯನ್ನು ಮಗುಚಿ ನೋಡಬೇಕು. ಬೇಸಿಗೆಯಲ್ಲಿ ದಾಸವಾಳದ ಎಲೆ ಮೇಲೆಲ್ಲ ಸಣ್ಣ ಬಿಳಿಚುಕ್ಕೆಗಳಾಗಿ ಮಂಕಾದರೆ ನಾನು ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆಯನ್ನು ಕೊಡವುತ್ತೇನೆ. ಬಿದ್ದ ಧೂಳಿನಲ್ಲಿ ಕೆಲವು ಕಣಗಳು ಮೆಲ್ಲಗೆ ನಡೆಯತೊಡಗಿದರೆ ಅದು ನುಸಿ. ಒಣ ಸೆಕೆಯಲ್ಲಿ ಬೇಗ ಹೆಚ್ಚುವ ಇದಕ್ಕೆ, ಎಲೆಯ ಕೆಳಮೈಗೆ ತಾಗುವಂತೆ ರಭಸವಾಗಿ ನೀರು ಚಿಮ್ಮಿಸುವುದನ್ನು ಕೆಲವು ದಿನ ಬಿಡದೆ ಮಾಡಬೇಕು. ಮೆಣಸಿನಗಿಡದ ಎಲೆ ಮೇಲ್ಮುಖವಾಗಿ ಮುದುರಿದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಮುಖವಾಗಿ ಮುದುರಿದರೆ ನುಸಿ. ಇಡೀ ಗಿಡವೇ ಗಿಡ್ಡಾಗಿ, ಹಳದಿಯಾಗಿ, ಎಲೆ ಮುದ್ದೆಯಾದರೆ ಬಿಳಿನೊಣ ತಂದ ನಂಜುರೋಗವಿರಬಹುದು. ಅದಕ್ಕೆ ಮದ್ದಿಲ್ಲ, ಕಿತ್ತುಹಾಕುವುದೇ ಸರಿ.

ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ಅದರ ಜಾಡು ಹಿಡಿದು ಹೋಗಿ. ಕೊನೆಯಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಸಿಗುತ್ತದೆ. ಅದು ಸೂಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಆ ಅಂಟಿನ ಮೇಲೆಯೇ ಕಪ್ಪು ಮಸಿಯಂಥ ಬೂಷ್ಟು ಬೆಳೆಯುತ್ತದೆ. ಹಳೆಯ ಟೂತ್‌ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಉಜ್ಜಿದರೆ ಹೋಗುತ್ತದೆ. ತೀರಾ ಹೆಚ್ಚಾದಾಗ ಸಂಜೆ ಹೊತ್ತು ಬೇವಿನ ಸೋಪಿನ ದ್ರಾವಣ ಸಿಂಪಡಿಸಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಇಂಥದ್ದಕ್ಕೇ ಇರುವುದು.

ಇನ್ನು ಕೆಲವು ಗಾಯಗಳಿಗೆ ಏನೂ ಮಾಡಬೇಕಿಲ್ಲ. ಗುಲಾಬಿ ಎಲೆಯ ಅಂಚಿನಿಂದ ಯಾರೋ ಕತ್ತರಿಯಲ್ಲಿ ತೆಗೆದಷ್ಟು ಅಚ್ಚುಕಟ್ಟಾಗಿ ದುಂಡನೆಯ ತುಂಡು ಹೋಗಿದ್ದರೆ, ಅದನ್ನು ಒಯ್ದಿರುವುದು ಗೂಡು ಕಟ್ಟುವ ಒಂದು ಜಾತಿಯ ಒಂಟಿ ಜೇನು. ಅದು ಹೂವಿನ ಪರಾಗಸ್ಪರ್ಶ ಮಾಡುತ್ತದೆ, ಗಿಡಕ್ಕೆ ತೊಂದರೆಯಿಲ್ಲ. ನಿಂಬೆಯ ಎಲೆಯೊಳಗೆ ಬೆಳ್ಳಿಗೆರೆ ಎಳೆಯುವ ರಂಗೋಲಿ ಹುಳುವಿದ್ದರೆ ಆ ಎಲೆ ಕಿತ್ತರಾಯಿತು. ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುವನ್ನು ಕಡ್ಡಿಯಿಂದ ಮುಟ್ಟಿ ನೋಡಿ: ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಚಾಚಿ ಘಾಟು ವಾಸನೆ ಬಿಡುತ್ತದೆ. ಬೆಳೆದ ಮೇಲೆ ಹಸಿರಾಗುವ ಇದು ಚಿಟ್ಟೆಯ ಮರಿ. ಗಿಡ ದೊಡ್ಡದಿದ್ದರೆ ಒಂದು ರೆಂಬೆಯನ್ನು ಅದಕ್ಕೇ ಬಿಟ್ಟುಕೊಡುತ್ತೇನೆ, ಗಿಡ ಚಿಕ್ಕದಿದ್ದರೆ ಹುಳುವನ್ನು ಎತ್ತಿ ಬೇರೆ ಕರಿಬೇವಿನ ಗಿಡಕ್ಕೆ ಬಿಡುತ್ತೇನೆ.

ಬಾಟಲಿ ಕೈಗೆತ್ತಿಕೊಳ್ಳುವ ಮೊದಲು ದಯವಿಟ್ಟು ಐದು ನಿಮಿಷ ಗಿಡದ ಮುಂದೆ ಕೂತು ಮಣ್ಣು ಮುಟ್ಟಿ, ಎಲೆ ಮಗುಚಿ ನೋಡಿ. ಕಾರಣ ತಿಳಿದರೆ ಹೆಚ್ಚಿನ ಗಿಡಗಳಿಗೆ ನೀರು, ನೆರಳು, ಗೊಬ್ಬರ ಮತ್ತು ನಿಮ್ಮ ಎರಡು ಕೈಗಳೇ ಸಾಕು.